ನೀರು ಬಂತೆಂದು ಹೇಳುವವರು

ದಕ್ಷಿಣ ಬೆಂಗಳೂರಿನ ಬೇಗೂರಿನಲ್ಲಿರುವ ನಾಗನಾಥೇಶ್ವರ ದೇವಸ್ಥಾನಕ್ಕೆ ಬರುವ ಇತಿಹಾಸಪ್ರಿಯರು ಮೊದಲು ಹುಡುಕುವುದು ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಕಲ್ಲನ್ನು. ಬೆಂಗಳೂರೆಂಬ ಹೆಸರು ಕೆಂಪೇಗೌಡರಿಗಿಂತ ಆರು ಶತಮಾನದಷ್ಟಾದರೂ ಹಿಂದಿನದೆಂದು ಗೊತ್ತಾದದ್ದು ಕ್ರಿ.ಶ. 890ರ ಆಸುಪಾಸಿನ ಆ ಶಾಸನದಿಂದ. ಇದೇ ಊರಿನ ಇನ್ನೊಂದು ದೊಡ್ಡ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತುಂಬೆಪಾಡಿಯ ಕಾಳಗದಲ್ಲಿ ಗಂಗರ ಅಧಿಕಾರಿ ನಾಗತ್ತರ ಮಡಿದ ಮೇಲೆ ಗಂಗ ದೊರೆ ಎರೆಯಪ್ಪ ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ‘ಬೆಂಪೂರು ಹನ್ನೆರಡು’ ಎಂಬ ಹಳ್ಳಿಗಳ ಗುಂಪನ್ನು ಕೊಟ್ಟ ಸಂಗತಿ ಅದರಲ್ಲಿದೆ. ಆ ಹಳ್ಳಿಗಳ ಪಟ್ಟಿಯಲ್ಲಿ ತೊವಗೂರು ಎಂಬ ಹೆಸರು ಕಂಡೊಡನೆ ಪಕ್ಕದ ದೊಡ್ಡತೋಗೂರು ನೆನಪಾಗುತ್ತದೆ. 1970ರ ದಶಕದ ಕೊನೆಯಲ್ಲಿ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 332 ಎಕರೆಯ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು ದೊಡ್ಡತೋಗೂರು ಮತ್ತು ಕೋನಪ್ಪನ ಅಗ್ರಹಾರದ ನೆಲದಲ್ಲಿ.

ವೀರಗಲ್ಲಿನ ಕಾಲಕ್ಕೂ ಎಲೆಕ್ಟ್ರಾನಿಕ್ ಸಿಟಿಯ ಕಾಲಕ್ಕೂ ನಡುವೆ ಈ ಸೀಮೆಯನ್ನು ಸಾಕಿದ್ದು ಕೆರೆ. ಕೆರೆಯ ಸಂಗತಿಯೆಲ್ಲ ಬಲ್ಲವನು ನೀರಗಂಟಿ.

ಹಳೆ ಮೈಸೂರಿನ ಹಳ್ಳಿಗಳಲ್ಲಿ ಊರ ಸೇವೆಗಿದ್ದ ಹನ್ನೆರಡು ಮಂದಿ ಆಯಗಾರರ ಪೈಕಿ ನೀರಗಂಟಿಯೂ ಒಬ್ಬನಾಗಿದ್ದ. ತೂಬು ಎತ್ತುವುದು, ಇಳಿಸುವುದು, ಕಾಲುವೆಯ ಹೂಳು ತೆಗೆಯುವುದು, ಏರಿ ಬಿರುಕು ಬಿಟ್ಟಿದೆಯೇ ಎಂದು ನೋಡುವುದು, ಕೋಡಿ ಬೀಳುವ ಮುನ್ನ ಊರಿಗೆ ತಿಳಿಸುವುದು ಅವನ ಕೆಲಸ. ಅದಕ್ಕೆ ಕೂಲಿ, ಸುಗ್ಗಿಯಲ್ಲಿ ಪ್ರತಿ ಕಣದಿಂದ ಸಿಗುತ್ತಿದ್ದ ಆಯ, ಅಂದರೆ ಧಾನ್ಯದ ಪಾಲು. ಗದ್ದೆ ಎಷ್ಟೇ ದೊಡ್ಡದಿರಲಿ, ಒಡೆಯ ತಾನಾಗಿ ತೂಬಿಗೆ ಕೈ ಹಾಕುವಂತಿರಲಿಲ್ಲ. ಬಹಳ ಊರುಗಳಲ್ಲಿ ಇದು ದಲಿತ ಕುಟುಂಬಗಳ ಪಾಲಿಗೆ ಬಂದ ಕೆಲಸ. ನೀರು ಹಂಚುವವನಿಗೆ ಆ ನೀರಿನ ಕೆಳಗೆ ಸ್ವಂತದ ಗದ್ದೆ ಇರುತ್ತಿದ್ದುದು ಅಪರೂಪ. ಅವನ ನಿಷ್ಪಕ್ಷಪಾತವನ್ನು ಹೊಗಳುವಾಗ ಈ ಅನ್ಯಾಯವನ್ನೂ ಹೇಳಲೇಬೇಕು. ಪಂಚಾಯಿತಿಗಳಲ್ಲಿ ವಾಟರ್‌ಮನ್‌ನನ್ನು ಇಂದಿಗೂ ನೀರಗಂಟಿ ಎನ್ನುವುದುಂಟು. ಕೆರೆ ಹೋಗಿ ಬೋರ್‌ವೆಲ್ ಬಂದರೂ ಹೆಸರು ಉಳಿದಿದೆ.

ನಗರ ಮಾತ್ರ ನೀರನ್ನು ದೂರದಿಂದ ತರಲು ಕಲಿತಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ, 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿಯಿಂದ, 1974ರಲ್ಲಿ ನೂರು ಕಿಲೋಮೀಟರ್ ಆಚೆಯ ಕಾವೇರಿಯಿಂದ. ನೀರು ದೂರದ್ದಾದಷ್ಟೂ ಅದು ಬರುವ ಹೊತ್ತು ಯಾರಿಗೂ ತಿಳಿಯದಾಯಿತು. ದಕ್ಷಿಣ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ನಡುರಾತ್ರಿ ಎದ್ದು ನಲ್ಲಿಗೆ ಕಿವಿಗೊಟ್ಟು ಕೂತಿರುತ್ತಿದ್ದರು. ಮೊದಲು ಗಾಳಿಯ ಸದ್ದು, ಆಮೇಲೆ ನೀರು.

ಈ ಕಾಯುವಿಕೆಯನ್ನು ಕೊನೆಗಾಣಿಸುವ ಒಂದು ಪ್ರಯತ್ನ ಹುಬ್ಬಳ್ಳಿ–ಧಾರವಾಡದಲ್ಲಿ 2010ರ ಹೊತ್ತಿಗೆ ಶುರುವಾಯಿತು. ನೆಕ್ಸ್ಟ್‌ಡ್ರಾಪ್ ಎಂಬ ಪುಟ್ಟ ಸಂಸ್ಥೆಯ ಉಪಾಯ ಸರಳವಾಗಿತ್ತು: ವಾಲ್ವ್ ತಿರುಗಿಸುವವನು ಫೋನ್ ಮಾಡಿ ತಿಳಿಸಿದರೆ ಸಾಕು, ಆ ಬೀದಿಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುತ್ತಿತ್ತು. ಅಲ್ಲಿ ಸೆನ್ಸರ್ ಯಂತ್ರವಲ್ಲ, ಮನುಷ್ಯ. ಅದು ಬೆಂಗಳೂರಿಗೂ ಬಂತು. ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು ಇಲ್ಲಿನ ಮನೆಗಳನ್ನು ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಂದೇಶದಿಂದ ಕಾಯುವ ಸಮಯ ಹೆಚ್ಚೇನೂ ತಗ್ಗಲಿಲ್ಲ. ವಾಲ್ವ್‌ಮನ್‌ಗಳಿಂದ ಸರಿಯಾದ ವರದಿ ಪ್ರತಿಸಲ ಬರದಿದ್ದುದು ಅದಕ್ಕೊಂದು ಮುಖ್ಯ ಕಾರಣ. ಮೈಮುರಿವ ಕೆಲಸದ ನಡುವೆ ಇನ್ನೊಂದು ಕೆಲಸ ಹೊರಿಸಿದರೆ ಹೀಗಾಗುವುದು ಸಹಜವೇ. ನೀರಗಂಟಿಗೆ ಪ್ರತಿ ಕಣದಲ್ಲಿ ಪಾಲಿತ್ತು. ವಾಲ್ವ್‌ಮನ್‌ಗೆ ಅಂಥದ್ದೇನೂ ಇರಲಿಲ್ಲ.

ಈಗ ಮನುಷ್ಯನ ಜಾಗಕ್ಕೆ ಯಂತ್ರ ಬರುತ್ತಿದೆ. ಸಂಪಿನೊಳಗಿನ ಸೆನ್ಸರ್ ಮಟ್ಟ ನೋಡಿ ಮೋಟಾರ್ ಹಾಕುತ್ತದೆ, ಓವರ್‌ಹೆಡ್ ಟ್ಯಾಂಕ್ ತುಂಬಿದೊಡನೆ ಆರಿಸುತ್ತದೆ. ಅಪಾರ್ಟ್‌ಮೆಂಟ್‌ಗಳಲ್ಲಿ ಪ್ರತಿ ಫ್ಲ್ಯಾಟಿನ ಪೈಪಿಗೆ ಹಾಕಿದ ಮೀಟರು ಲೆಕ್ಕವನ್ನು ಫೋನಿಗೇ ಕಳಿಸುತ್ತದೆ. ಸೋರಿಕೆಯ ಸುಳಿವು ಸಿಕ್ಕರೆ ವಾಲ್ವನ್ನು ತಾನೇ ಮುಚ್ಚುವ ಮೀಟರುಗಳೂ ಇವೆ. ಕರೆಂಟಿನ ಕಥೆಯೂ ಅದೇ: 1905ರ ಆಗಸ್ಟ್‌ನಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿ ಬೆಳಗಿತು. 2025ರ ಫೆಬ್ರವರಿಯಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ಇಂಥ ಮೀಟರುಗಳು ಹೆಚ್ಚಿದಂತೆ ಬೀದಿ ಬೀದಿ ತಿರುಗಿ ರೀಡಿಂಗ್ ಬರೆದುಕೊಳ್ಳುತ್ತಿದ್ದವರ ಕೆಲಸ ಕರಗುತ್ತದೆ.

ಮುಂದಿನ ಹೆಜ್ಜೆ ಊಹಿಸುವುದು ಕಷ್ಟವಲ್ಲ. ಸಂಪು, ಮೀಟರು, ಟ್ಯಾಂಕರ್ ಬುಕಿಂಗ್ ಪರಸ್ಪರ ಮಾತಾಡಿಕೊಂಡು, ಮನೆಯವರು ಏಳುವ ಮೊದಲೇ ನೀರು ತರಿಸಿಕೊಳ್ಳಬಹುದು. ನಿದ್ದೆಗೆಟ್ಟು ನಲ್ಲಿ ಕಾದ ಮನೆಗಳಿಗೆ ಇದು ದೊಡ್ಡ ಬಿಡುಗಡೆ. ಆದರೆ ಈ ಜಾಣತನ ಬಹುಪಾಲು ಕಾಂಪೌಂಡಿನೊಳಗೇ ನಿಲ್ಲುತ್ತದೆ. ಇಡೀ ಅಚ್ಚುಕಟ್ಟಿನ ಕೊನೆಯ ಗದ್ದೆಯವರೆಗೂ ನೀರಗಂಟಿಯ ಕಣ್ಣಿತ್ತು. ಸಂಪಿನ ಸೆನ್ಸರಿಗೆ ಪಕ್ಕದ ಮನೆಯೇ ಕಾಣದು.

ಊರಿಗೆಲ್ಲ ಸೇರಿದ ಯಂತ್ರಗಳು ಇಲ್ಲವೆಂದಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಬೆಂಗಳೂರಿನಲ್ಲಿ ಮಳೆಮಾಪಕಗಳನ್ನೂ ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನೂ ಇಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ 2020ರಲ್ಲಿ ‘ಬೆಂಗಳೂರು ಮೇಘ ಸಂದೇಶ’ ಆ್ಯಪ್ ತಂದಿತು. ಪ್ರವಾಹದ ಮುನ್ಸೂಚನೆ ಕೊಡುವ ಈ ವ್ಯವಸ್ಥೆಯೇ ನಿಜವಾಗಿ ನೀರಗಂಟಿಯ ವಂಶದ್ದು. ಹೆಚ್ಚು ಹಣ, ಹೆಚ್ಚು ಗಮನ ಸಲ್ಲಬೇಕಾದದ್ದು ಇದಕ್ಕೆ. ಆ್ಯಪ್ ಬರುವುದರ ಹಿಂದಿನ ವರ್ಷ, 2019ರ ನವೆಂಬರ್ 24ರ ಭಾನುವಾರ, ಬೇಗೂರಿನ ಮಗ್ಗುಲಲ್ಲೇ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತ್ತು. ಏರಿಯ ಮೇಲೆ ದಿನವೂ ನಡೆದಾಡುವವನೊಬ್ಬನಿದ್ದ ಕಾಲ ಅಷ್ಟು ಹೊತ್ತಿಗೆ ಕಳೆದುಹೋಗಿತ್ತು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿದವು. ಅಕ್ಟೋಬರ್ 16ರಂದು, ಆಗಿನ ನಗರಪಾಲಿಕೆ ಬಿಬಿಎಂಪಿಗೆ ಸೇರಿದ್ದ 110 ಹಳ್ಳಿಗಳನ್ನು ಉದ್ದೇಶಿಸಿ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಹಾಗಿದ್ದೂ ಬೇಗೂರು ರಸ್ತೆಯಲ್ಲಿ ಟ್ಯಾಂಕರ್‌ಗಳ ಓಡಾಟ ನಿಂತಿಲ್ಲ. ಗೇಟಿನ ಬಳಿ ಲಾರಿ ನಿಂತಾಗ ಸೆಕ್ಯೂರಿಟಿಯವರು ರಿಜಿಸ್ಟರಿನಲ್ಲಿ ನಂಬರು ಬರೆದುಕೊಳ್ಳುತ್ತಾರೆ. ಆಮೇಲೆ ಸಂಪಿನ ಮುಚ್ಚಳ ಸರಿಸಿ, ಒಳಗೆ ಟಾರ್ಚ್ ಬಿಟ್ಟು, ನೀರು ಎಲ್ಲಿಯವರೆಗೆ ಬಂತೆಂದು ಬಗ್ಗಿ ನೋಡುತ್ತಾರೆ.