ನಾಲ್ಕಾಣೆಯ ಸೀಟು

ಹೊಸೂರಿನಿಂದ ಬೆಂಗಳೂರಿಗೆ ಹೋಗಿ, ಸೋಫಾದಂಥ ಸೀಟಿನ, ಕೂತಲ್ಲಿಗೇ ತಿಂಡಿ ಬರುವ ಥಿಯೇಟರಿನಲ್ಲಿ ಸಿನಿಮಾ ನೋಡೋಣ ಎಂದುಕೊಂಡೆವು. ದರ ಕೇಳಿ ನಮ್ಮಲ್ಲೇ ಕೆಲವರು ಸುಮ್ಮನಾದರು. ಸ್ನೇಹಿತರೇ, ಇದು ಹಳೆಯ ಕಥೆ.

1896ರ ಜುಲೈ 7ರಂದು ಬೊಂಬಾಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ತೋರಿಸಿದರು. ಒಟ್ಟು ಆರು, ಒಂದೊಂದೂ ಸುಮಾರು ಒಂದು ನಿಮಿಷದ್ದು. ನಿಲ್ದಾಣಕ್ಕೆ ರೈಲು ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವುದು, ಇಂಥವು. ಟಿಕೆಟ್ ಮಾತ್ರ ಒಂದು ರೂಪಾಯಿ! ದಿನಕ್ಕೆ ಕೆಲವೇ ಆಣೆ ದುಡಿಯುತ್ತಿದ್ದವರಿಗೆ ಅದು ಎಟುಕುವ ಮಾತೇ? ತೆರೆಯ ಮೇಲೆ ಕೆಲಸಗಾರರಿದ್ದರು. ನೋಡಲು ಕೂತವರಲ್ಲಿ ಅಂಥವರು ಇದ್ದಿರಲಾರರು.

ವಾರದೊಳಗೆ ಪ್ರದರ್ಶನ ನಾವೆಲ್ಟಿ ಥಿಯೇಟರಿಗೆ ಹೋಯಿತು. ಜುಲೈ ಮುಗಿಯುವ ಹೊತ್ತಿಗೆ ಅಲ್ಲಿ ನಾಲ್ಕಾಣೆಯಿಂದ ಎರಡು ರೂಪಾಯಿವರೆಗೆ ಸೀಟುಗಳಿದ್ದವು. ಪರದೆಯ ಹೆಂಗಸರಿಗೆ ಬೇರೆ ಬಾಕ್ಸ್ ಕೂಡ ಇತ್ತು. ಸಿರಿವಂತರ ಸೀಟು ದುಬಾರಿಯಾಯಿತು, ನಿಜ. ಆದರೆ ಬಡವನೂ ಒಳಗೆ ಬಂದ. ನಮ್ಮ ಅಜ್ಜಂದಿರು ಹೇಳುವ 'ಗಾಂಧಿ ಕ್ಲಾಸ್' ಅದೇ ಬಗೆಯ ಸೀಟು. ಬಾಲ್ಕನಿಯವರೂ ನೆಲದವರೂ ಒಂದೇ ಸೂರಿನಡಿ ಶಿಳ್ಳೆ ಹಾಕಿದರು.

ಈಗಿನ ಐಷಾರಾಮಿ ಥಿಯೇಟರಿನಲ್ಲಿ ಎಲ್ಲವೂ ಬಾಲ್ಕನಿಯೇ. ಗಾಂಧಿ ಕ್ಲಾಸ್ ಇಲ್ಲ.

ನಾವು ಮಾಮೂಲಿ ಥಿಯೇಟರಿಗೇ ಹೋಗುವುದೆಂದು ತೀರ್ಮಾನಿಸಿದ್ದೇವೆ. ಪಾಪ್‌ಕಾರ್ನ್ ಬದಲು ಮನೆಯಲ್ಲೇ ಕಡಲೆಕಾಯಿ ತಿಂದು ಬನ್ನಿ.