ಕ್ಯಾಸನೂರಿನ ಜ್ವರ ಮತ್ತು ಅದರ ಉದರಲಕ್ಷಣಗಳು: ಒಂದು ರೋಗನಿದಾನದ ಇತಿಹಾಸ

1

ಸೊರಬ ಮತ್ತು ಶಿಕಾರಿಪುರ ತಾಲ್ಲೂಕುಗಳ ಪ್ರದೇಶವು ಇತಿಹಾಸದ ವಿದ್ಯಾರ್ಥಿಗೆ ಅಪರಿಚಿತವಾದುದಲ್ಲ. ತಾಳಗುಂದದ ಸ್ತಂಭಶಾಸನ, ಬಳ್ಳಿಗಾವಿಯ ದೇವಾಲಯಗಳು, ಚಂದ್ರಗುತ್ತಿಯ ಕೋಟೆ ಇವುಗಳನ್ನು ಕುರಿತು ನಮ್ಮ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಆದರೆ ಇದೇ ಪ್ರದೇಶದ ಹೆಸರೊಂದು ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಸ್ಥಾನ ಪಡೆದಿರುವುದು ಶಾಸನದಿಂದಲೂ ಅಲ್ಲ, ಶಿಲ್ಪದಿಂದಲೂ ಅಲ್ಲ, ಒಂದು ಜ್ವರದಿಂದ. ಸೊರಬ ತಾಲ್ಲೂಕಿನ ಕ್ಯಾಸನೂರು ಎಂಬ ಚಿಕ್ಕ ಗ್ರಾಮದ ಕಾಡು 1957ರಲ್ಲಿ ಆ ಜ್ವರಕ್ಕೆ ತನ್ನ ಹೆಸರನ್ನು ಕೊಟ್ಟಿತು.

ಪ್ರಸ್ತುತ ಲೇಖನದಲ್ಲಿ ನಾವು ಈ ರೋಗದ ಸಮಗ್ರ ಚರಿತ್ರೆಯನ್ನು ಹೇಳಹೊರಟಿಲ್ಲ. ಅದರ ಒಂದು ಮುಖವನ್ನು ಮಾತ್ರ ಪರಿಶೀಲಿಸುವುದು ನಮ್ಮ ಉದ್ದೇಶ. ವಾಂತಿ, ಭೇದಿ, ಹೊಟ್ಟೆನೋವು, ಕರುಳಿನ ರಕ್ತಸ್ರಾವ ಇವೇ ಮೊದಲಾದ ಉದರಲಕ್ಷಣಗಳು ಈ ಜ್ವರದಲ್ಲಿ ಎದ್ದು ಕಾಣುತ್ತವೆ. ಆದರೂ ಇದು ಜೀರ್ಣಾಂಗಗಳ ರೋಗವಲ್ಲ. ಕರುಳಿನಲ್ಲಿ ಕಾಣಿಸಿಕೊಳ್ಳುವ ರೋಗಕ್ಕೂ ಕರುಳಿನಲ್ಲಿ ನೆಲೆಗೊಳ್ಳುವ ರೋಗಕ್ಕೂ ಇರುವ ಈ ಭೇದವನ್ನು ವೈದ್ಯರು ಹೇಗೆ ಗುರುತಿಸಿದರು, ಗುರುತಿಸಿದ್ದರಿಂದ ಏನು ಫಲವಾಯಿತು, ಏನು ಆಗಲಿಲ್ಲ ಎಂಬುದೇ ಇಲ್ಲಿಯ ವಿಚಾರ.

2

ಜ್ವರವನ್ನು ಜೀರ್ಣಶಕ್ತಿಯೊಡನೆ ಸೇರಿಸಿ ನೋಡುವುದು ನಮ್ಮ ದೇಶದಲ್ಲಿ ಬಹು ಹಳೆಯ ಪದ್ಧತಿ. ದೋಷಗಳು ಆಮಾಶಯವನ್ನು ಸೇರಿ ಜಠರಾಗ್ನಿಯನ್ನು ಸ್ಥಾನಭ್ರಷ್ಟಗೊಳಿಸಿದಾಗ ಜ್ವರವುಂಟಾಗುತ್ತದೆ ಎಂಬುದು ಆಯುರ್ವೇದದ ನಿಲುವು. ಆದುದರಿಂದಲೇ ಹೊಸ ಜ್ವರಕ್ಕೆ ಲಂಘನವೇ ಮೊದಲ ಚಿಕಿತ್ಸೆಯಾಯಿತು. ಬಳ್ಳಿಗಾವಿಯ ಕೋಡಿಯಮಠದ 12ನೆಯ ಶತಮಾನದ ಶಾಸನವು ಆ ಮಠವನ್ನು ಅನ್ನದಾನದ ಹಾಗೂ ರೋಗಿಗಳ ಚಿಕಿತ್ಸೆಯ ಸ್ಥಾನವೆಂದು ವರ್ಣಿಸುತ್ತದೆ. ಅನ್ನವೂ ಔಷಧವೂ ಒಂದೇ ಸೂರಿನಡಿ ದೊರೆಯುತ್ತಿದ್ದ ಕಾಲವದು.

ಪಾಶ್ಚಾತ್ಯ ವೈದ್ಯದಲ್ಲಿಯೂ ಜ್ವರಗಳನ್ನು ಬೇರೆಬೇರೆಯಾಗಿ ಕಾಣುವುದು ಸುಲಭವಾಗಿ ಆದುದಲ್ಲ. ಟೈಫಸ್ ಮತ್ತು ಟೈಫಾಯಿಡ್ ಎಂಬ ಎರಡು ಜ್ವರಗಳು ಬಹುಕಾಲ ಒಂದೇ ಎಂದು ಭಾವಿಸಲ್ಪಟ್ಟಿದ್ದುವು. ಪ್ಯಾರಿಸ್ಸಿನ ಪಿಯೇರ್ ಲೂಯಿ 1829ರಲ್ಲಿ ಟೈಫಾಯಿಡ್ಡಿನಿಂದ ಸತ್ತವರ ಸಣ್ಣಕರುಳಿನ ವಿಕಾರಗಳನ್ನು ವಿವರಿಸಿದನು. ಲಂಡನ್ನಿನ ವಿಲಿಯಂ ಜೆನ್ನರನು 1850ರ ಸುಮಾರಿನಲ್ಲಿ ಎರಡು ಜ್ವರಗಳೂ ಬೇರೆಯೆಂದು ತೋರಿಸಿದನು. ಟೈಫಾಯಿಡ್ಡಿನಲ್ಲಿ ಕರುಳಿನೊಳಗೆ ಹುಣ್ಣುಗಳಿವೆ, ಟೈಫಸಿನಲ್ಲಿ ಇಲ್ಲ. ಮುಂದೆ 1880ರಲ್ಲಿ ಏಬರ್ಟನು ಟೈಫಾಯಿಡ್ಡಿನ ರೋಗಾಣುವನ್ನು ಕಂಡನು. 1896ರಲ್ಲಿ ವಿಡಾಲನ ರಕ್ತಪರೀಕ್ಷೆ ಬಂದಿತು. 1948ರಲ್ಲಿ ಕ್ಲೋರಾಂಫೆನಿಕಾಲ್ ಎಂಬ ಔಷಧವು ಈ ಜ್ವರವನ್ನು ಗುಣಪಡಿಸಬಲ್ಲುದೆಂದು ತಿಳಿಯಿತು. ಹೀಗೆ 1950ರ ದಶಕದ ವೈದ್ಯನ ಕೈಯಲ್ಲಿ, ಕರುಳಿನ ಜ್ವರದ ಮಟ್ಟಿಗೆ, ಒಂದು ಹೆಸರು, ಒಂದು ಪರೀಕ್ಷೆ, ಒಂದು ಔಷಧ ಮೂರೂ ಸಿದ್ಧವಾಗಿದ್ದುವು. ಹೊಸದೊಂದು ಜ್ವರ ಎದುರಾದಾಗ ಈ ಸಿದ್ಧತೆಯೇ ದೃಷ್ಟಿಯನ್ನು ಕಟ್ಟಿಹಾಕುವ ಸಂಭವವೂ ಉಂಟೆಂಬುದನ್ನು ನಾವು ಗಮನಿಸಬೇಕು.

3

ಮಲೆನಾಡಿಗೂ ಜ್ವರಕ್ಕೂ ಇದ್ದ ನಂಟು ಹಳೆಯದು. ಮಲೇರಿಯಾದ ಹಾವಳಿಯಿಂದ ಊರುಗಳು ಬರಿದಾದುದನ್ನು ಅಲ್ಲಿಯ ಹಿರಿಯರೆಲ್ಲ ಬಲ್ಲರು. ಹಿಂದಿನ ಜನನಮರಣಗಳ ದಾಖಲೆಗಳಲ್ಲಿ ಸಾವಿನ ಕಾರಣವನ್ನು ‘ಜ್ವರ’ ಎಂದಷ್ಟೇ ಬರೆಯುವುದು ರೂಢಿಯಾಗಿತ್ತು; ಬರೆಯುವವನು ವೈದ್ಯನಲ್ಲ, ಗ್ರಾಮಾಧಿಕಾರಿ. ಆ ಒಂದು ಪದದ ಅಡಿಯಲ್ಲಿ ಎಷ್ಟು ಬಗೆಯ ರೋಗಗಳು ಅಡಗಿದ್ದುವೋ ಎಣಿಸುವಂತಿಲ್ಲ. ಆದುದರಿಂದ 1957ಕ್ಕೆ ಮುಂಚೆ ಕ್ಯಾಸನೂರಿನ ಜ್ವರ ಇರಲಿಲ್ಲವೆಂದು ದಾಖಲೆಗಳ ಮೌನದಿಂದ ತೀರ್ಮಾನಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಮಲೇರಿಯಾ ತಗ್ಗಿತು. ತಗ್ಗಿದ ನೀರಿನಲ್ಲಿ ಬಂಡೆ ಕಾಣುವಂತೆ ಬೇರೆ ಜ್ವರಗಳು ಕಣ್ಣಿಗೆ ಬೀಳುವುದು ಸುಲಭವಾಯಿತೆಂದು ನಾವು ಊಹಿಸುತ್ತೇವೆ.

1957ರ ಮಾರ್ಚ್ ತಿಂಗಳಲ್ಲಿ ಈ ಕಾಡುಗಳಲ್ಲಿ ಮಂಗಗಳು ಸತ್ತುಬೀಳುತ್ತಿರುವ ವರ್ತಮಾನ ಪುಣೆಯ ವೈರಸ್ ಸಂಶೋಧನ ಕೇಂದ್ರವನ್ನು ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತೂ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ್ದ ಸಂಸ್ಥೆಯದು. ಅದೇ ಹೊತ್ತಿಗೆ ಸುತ್ತಲ ಹಳ್ಳಿಗಳಲ್ಲಿ ಜನರೂ ತೀವ್ರ ಜ್ವರದಿಂದ ನರಳುತ್ತಿದ್ದರು. ಕೇಂದ್ರದ ಟೆಲ್‌ಫರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪೀಡೊ ಅವರ ಮನಸ್ಸಿಗೆ ಮೊದಲು ಬಂದ ಶಂಕೆ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಆ ಜ್ವರ ಜನರಿಗೆ ತಗಲುವ ಮುನ್ನ ಮಂಗಗಳು ಸಾಯುವುದು ಪ್ರಸಿದ್ಧವಾದ ಸಂಗತಿ. ಏಷ್ಯದಲ್ಲಿ ಅದು ಎಂದೂ ಕಾಣಿಸಿಕೊಂಡಿರಲಿಲ್ಲ. ಆದರೆ ಕ್ಯಾಸನೂರು ಕಾಡಿನ ಮುಸುವದ ದೇಹದಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಾಗಿರದೆ, ರಷ್ಯದ ವಸಂತ-ಗ್ರೀಷ್ಮ ಮಿದುಳುರಿತದ ಬಳಗಕ್ಕೆ ಸೇರಿದುದಾಗಿತ್ತು. ಸೈಬೀರಿಯದ ಓಮ್‌ಸ್ಕ್ ರಕ್ತಸ್ರಾವ ಜ್ವರದ ವೈರಸ್ಸು ಅದರ ಹತ್ತಿರದ ಬಂಧುವೆಂದು ಅಂದು ತೋರಿತು. ಅದನ್ನು ಹರಡುತ್ತಿದ್ದುದು ಸೊಳ್ಳೆಯಲ್ಲ, ಕಾಡಿನ ಉಣ್ಣೆ. ಅದರಲ್ಲಿಯೂ ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ. 1957ರಲ್ಲಿ 466 ಜನರಿಗೂ ಮರುವರ್ಷ 181 ಜನರಿಗೂ ರೋಗ ತಗಲಿತೆಂದು ಲೆಕ್ಕ ದೊರೆಯುತ್ತದೆ.

4

ಪ್ರಯೋಗಶಾಲೆ ವೈರಸ್ಸನ್ನು ಹಿಡಿದುದು ಒಂದು ಸಾಧನೆ. ಆದರೆ ಹಳ್ಳಿಯ ರೋಗಿ ವೈದ್ಯನ ಬಳಿಗೆ ಬರುವುದು ವೈರಸ್ಸಿನೊಡನೆ ಅಲ್ಲ, ಲಕ್ಷಣಗಳೊಡನೆ. ಈ ದೃಷ್ಟಿಯಿಂದ ವರ್ಕ್ ಮತ್ತು ಸಂಗಡಿಗರು 1957ರಲ್ಲಿಯೂ, ಆರ್. ಲಕ್ಷ್ಮಣ ರಾವ್ ಅವರು 1958ರಲ್ಲಿಯೂ, ಎಚ್. ಇ. ವೆಬ್ ಮತ್ತು ಲಕ್ಷ್ಮಣ ರಾವ್ ಅವರು ಕೂಡಿ 1961ರಲ್ಲಿಯೂ ಪ್ರಕಟಿಸಿದ ರೋಗಲಕ್ಷಣಗಳ ಅಧ್ಯಯನಗಳು ಅಷ್ಟೇ ಮಹತ್ವದವು.

ಈ ಅಧ್ಯಯನಗಳಿಂದಲೂ ಮುಂದಿನ ಅನುಭವದಿಂದಲೂ ಮೂಡಿದ ಚಿತ್ರ ಹೀಗಿದೆ. ಉಣ್ಣೆ ಕಚ್ಚಿದ 3ರಿಂದ 8 ದಿನಗಳಲ್ಲಿ ಜ್ವರ ಇದ್ದಕ್ಕಿದ್ದಂತೆ ಏರುತ್ತದೆ. ಹಣೆಯಲ್ಲಿ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ತಾಳಲಾಗದ ನೋವು, ಕೆಂಪೇರಿದ ಕಣ್ಣು, ಅಂಗುಳಿನಲ್ಲಿ ಸಣ್ಣ ಗುಳ್ಳೆ, ಎದ್ದು ಕೂಡಲಾರದ ನಿಶ್ಶಕ್ತಿ. ಮೂರು ನಾಲ್ಕನೆಯ ದಿನದಿಂದ ವಾಂತಿ ಭೇದಿಗಳು ತೊಡಗಬಹುದು. ಕೆಲವರಿಗೆ ಮೂಗು ವಸಡುಗಳಿಂದ ರಕ್ತ. ಇನ್ನು ಕೆಲವರಿಗೆ ರಕ್ತವಾಂತಿ, ಕಪ್ಪಾದ ಅಥವಾ ರಕ್ತಮಿಶ್ರಿತ ಮಲ. ಬಹುಮಂದಿ ಒಂದೆರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಮಾತ್ರ ಕೆಲವು ದಿನಗಳ ಬಿಡುವಿನ ನಂತರ ಜ್ವರ ಮರುಕಳಿಸಿ, ತಲೆಸುತ್ತು, ನಡುಕ, ಬುದ್ಧಿಭ್ರಮೆಗಳೊಡನೆ ಮಿದುಳಿನ ಪೊರೆಗಳನ್ನು ಬಾಧಿಸುತ್ತದೆ. ಸಾಯುವವರ ಪ್ರಮಾಣ ಸಾಮಾನ್ಯವಾಗಿ ನೂರಕ್ಕೆ 3ರಿಂದ 5.

ಈ ಚಿತ್ರದ ಪಕ್ಕದಲ್ಲಿ ಟೈಫಾಯಿಡ್ಡಿನ ಚಿತ್ರವನ್ನಿಟ್ಟು ನೋಡಿದರೆ ನಿದಾನದ ತೊಡಕು ಸ್ಪಷ್ಟವಾಗುತ್ತದೆ. ಎರಡರಲ್ಲಿಯೂ ಜ್ವರ ಏರಿದಷ್ಟು ನಾಡಿ ಏರುವುದಿಲ್ಲ. ಎರಡರಲ್ಲಿಯೂ ರಕ್ತದ ಬಿಳಿಯ ಕಣಗಳು ಕಡಿಮೆಯಾಗುತ್ತವೆ. ಎರಡರಲ್ಲಿಯೂ ಕರುಳಿನಿಂದ ರಕ್ತ ಹೋಗಬಹುದು. ವಿಡಾಲನ ಪರೀಕ್ಷೆಯಾದರೂ ರೋಗದ ಎರಡನೆಯ ವಾರದವರೆಗೆ ಸ್ಪಷ್ಟ ಉತ್ತರ ಕೊಡುವುದಿಲ್ಲ; ಹಿಂದೆ ಟೈಫಾಯಿಡ್ ಬಂದುಹೋಗಿದ್ದವರಲ್ಲಿ ತಪ್ಪುದಾರಿಗೂ ಎಳೆಯಬಹುದು. ಉಪಕರಣಗಳಿಲ್ಲದ ಹಳ್ಳಿಯ ವೈದ್ಯನಿಗೆ ಉಳಿದುದು ಕಾಲಗತಿಯೊಂದೇ. ಟೈಫಾಯಿಡ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಕ್ಯಾಸನೂರಿನ ಜ್ವರ ಒಮ್ಮೆಗೇ ಎರಗುತ್ತದೆ. ಟೈಫಾಯಿಡ್ಡಿನ ರಕ್ತಸ್ರಾವ ಮೂರನೆಯ ವಾರದ ಸುಮಾರಿನ ಅಪಾಯ, ಇದರದು ಮೊದಲ ವಾರದ್ದು. ಇದಕ್ಕೆ ಕೂಡಿಸಬೇಕಾದ ಇನ್ನೊಂದು ಪ್ರಶ್ನೆ ರೋಗಿಯ ದೇಹಕ್ಕೆ ಸಂಬಂಧಿಸಿದುದೇ ಅಲ್ಲ: ಅವನು ಕಾಡಿಗೆ ಹೋಗಿದ್ದನೆ? ಅಲ್ಲಿ ಮಂಗ ಸತ್ತಿತ್ತೆ?

ಮರಣೋತ್ತರ ಪರೀಕ್ಷೆಯೂ ಇದೇ ಭೇದವನ್ನು ಪುಷ್ಟೀಕರಿಸಿತು. ಸಿ. ಜಿ. ಎಸ್. ಅಯ್ಯರ್ ಮತ್ತು ಸಂಗಡಿಗರು ಮೂವರು ಮೃತರ ಅಂಗಾಂಗಗಳನ್ನು ಪರೀಕ್ಷಿಸಿ 1959ರಲ್ಲಿ ವರದಿ ಮಾಡಿದರು. ಯಕೃತ್ತು, ಮೂತ್ರಪಿಂಡ, ಪ್ಲೀಹ, ಶ್ವಾಸಕೋಶಗಳಲ್ಲಿ ವಿಕಾರಗಳು ಹರಡಿಕೊಂಡಿದ್ದುವು. ಲೂಯಿ ಮತ್ತು ಜೆನ್ನರರಿಗೆ ಟೈಫಾಯಿಡ್ಡಿನ ಗುರುತಾಗಿ ಒದಗಿದ ಕರುಳಿನ ಹುಣ್ಣಿನಂಥ ಏಕೈಕ ಚಿಹ್ನೆ ಈ ರೋಗಕ್ಕೆ ಇಲ್ಲ. ಒಂದು ಅಂಗವನ್ನು ನೋಡಿ ರೋಗವನ್ನು ಹೆಸರಿಸುವ ಹತ್ತೊಂಬತ್ತನೆಯ ಶತಮಾನದ ಮಾರ್ಗ ಇಲ್ಲಿ ಸಾಗಲಿಲ್ಲ. ರೋಗಿಯ ರಕ್ತವನ್ನು ಎಳೆಯ ಇಲಿಮರಿಗಳಿಗೆ ಚುಚ್ಚಿ ವೈರಸ್ಸನ್ನು ಬೆಳೆಸಿದ ಬಳಿಕವೇ ನಿಶ್ಚಯ. ಆ ಕೆಲಸದಲ್ಲಿ ಪ್ರಯೋಗಶಾಲೆಯ ಸಿಬ್ಬಂದಿಯವರಲ್ಲಿಯೇ ಹಲವರಿಗೆ ರೋಗ ತಗಲಿತು.

5

ಈ ವಿವೇಚನೆಗೆ ವ್ಯಾವಹಾರಿಕ ಪ್ರಯೋಜನವೇನೆಂದು ಕೇಳಬಹುದು. ಪ್ರಯೋಜನ ದೊಡ್ಡದು. ಟೈಫಾಯಿಡ್ ಎಂದು ತಿಳಿದರೆ ಬಾವಿಯ ನೀರನ್ನು ಶುದ್ಧಿಗೊಳಿಸಬೇಕು, ರೋಗಿಯ ಮಲದಿಂದ ಮನೆಯವರನ್ನು ಕಾಪಾಡಬೇಕು, ಅಂದಿನ ರೂಢಿಯಂತೆ ಕ್ಲೋರಾಂಫೆನಿಕಾಲ್ ಕೊಡಬೇಕಾಗಿತ್ತು. ಕ್ಯಾಸನೂರಿನ ಜ್ವರಕ್ಕೆ ಈ ಮೂರೂ ಸಲ್ಲವು. ನೀರಿನಿಂದ ಅದು ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ವೈರಸ್ಸಾದ್ದರಿಂದ ಆ ಔಷಧಕ್ಕೆ ಬಗ್ಗುವುದಿಲ್ಲ. ಅದಕ್ಕೆ ನೇರವಾದ ಮದ್ದು ಅಂದೂ ಇರಲಿಲ್ಲ, ಇಂದೂ ಇಲ್ಲ. ವಾಂತಿ ಭೇದಿಗಳಿಂದ ಕಳೆದುಹೋದ ನೀರು ಲವಣಗಳನ್ನು ತುಂಬಿಕೊಡುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು, ರಕ್ತಸ್ರಾವವನ್ನು ಹೆಚ್ಚಿಸುವ ಆಸ್ಪಿರಿನ್ನಿನಂಥ ನೋವುಗುಳಿಗೆಯನ್ನು ವರ್ಜಿಸುವುದು, ಇಷ್ಟೇ ಚಿಕಿತ್ಸೆ. ಹೀಗೆ ಕರುಳು ರೋಗದ ಮೂಲವಲ್ಲದಿದ್ದರೂ ಚಿಕಿತ್ಸೆಯ ಮುಖ್ಯ ಕ್ಷೇತ್ರಗಳಲ್ಲೊಂದಾಗಿ ಉಳಿಯಿತು. ದಕ್ಷಿಣ ಕನ್ನಡದ ರೋಗದ ಹಾವಳಿಯ ಬಳಿಕ ಎಂ. ಆರ್. ಅಧಿಕಾರಿ ಪ್ರಭಾ ಮತ್ತು ಸಂಗಡಿಗರು 100 ರೋಗಿಗಳನ್ನು ಪರಿಶೀಲಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪರಂಪರೆಯನ್ನೇ ಮುಂದುವರಿಸಿದುದು.

ಲಸಿಕೆಯ ಕಥೆಯೂ ಎಚ್ಚರಿಕೆಯ ಪಾಠವೇ. ರಷ್ಯದ ವೈರಸ್ಸಿನ ಬಂಧುತ್ವವನ್ನು ನಂಬಿ ಆ ರೋಗದ ಲಸಿಕೆಯನ್ನು ಮೊದಲು ಇಲ್ಲಿ ಪ್ರಯೋಗಿಸಿದರು, ಫಲ ದೊರೆಯಲಿಲ್ಲ. ಅನಂತರ ಕ್ಯಾಸನೂರಿನ ವೈರಸ್ಸಿನಿಂದಲೇ ಲಸಿಕೆಯನ್ನು ತಯಾರಿಸಿ 1990ರಿಂದ 1992ರವರೆಗೆ ಕರ್ನಾಟಕದ ಮೂರು ಜಿಲ್ಲೆಗಳಲ್ಲಿ ಪರೀಕ್ಷಿಸಿದರು. 2005ರಿಂದ 2010ರವರೆಗಿನ ಅನುಭವವನ್ನು ಪರಿಶೀಲಿಸಿದ ಅಧ್ಯಯನವೊಂದು ಎರಡು ಸಲ ಚುಚ್ಚಿಸಿಕೊಂಡವರಿಗೆ ಶೇಕಡಾ 62.4ರಷ್ಟು, ಮೇಲೆ ವರ್ಧಕ ಚುಚ್ಚುಮದ್ದನ್ನೂ ಪಡೆದವರಿಗೆ ಶೇಕಡಾ 82.9ರಷ್ಟು ರಕ್ಷಣೆ ದೊರೆತುದನ್ನು ತಿಳಿಸಿತು. ಲಸಿಕೆಯ ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಪ್ರಯತ್ನಗಳು ಆ ಮೇಲೆ ಮೊದಲಾದುವು.

6

ಕೊನೆಯದಾಗಿ ಹೆಸರಿನ ಪ್ರಶ್ನೆ. ವಿದ್ವಾಂಸರು ಈ ರೋಗಕ್ಕೆ ಕಾಡಿನ ಹೆಸರಿಟ್ಟರು; ಮಲೆನಾಡಿನ ಜನರು ‘ಮಂಗನ ಕಾಯಿಲೆ’ ಎಂದರು. ಜನರ ಹೆಸರಿನಲ್ಲಿ ಒಂದು ನಿಜವಾದ ಅವಲೋಕನವಿದೆ: ಮಂಗ ಸತ್ತ ಕಡೆ ಮನುಷ್ಯನಿಗೂ ಅಪಾಯ. ಆದರೆ ಮಂಗವೂ ಮನುಷ್ಯನಂತೆ ರೋಗಕ್ಕೆ ಬಲಿಯಾದ ಪ್ರಾಣಿ. ಸತ್ತ ಮಂಗದ ಮೈಯಿಂದ ಉದುರಿದ ಉಣ್ಣೆಗಳೇ ದರಗು ಗುಡಿಸುವ, ಸೌದೆ ತರುವ, ದನ ಮೇಯಿಸುವ ಬಡವರಿಗೆ ರೋಗವನ್ನು ಮುಟ್ಟಿಸುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮಲೆನಾಡಿನವರು ಕಾಡಿಗೆ ಹೆಚ್ಚಾಗಿ ಹೋಗುವ ದಿನಗಳಲ್ಲಿಯೇ, ಈ ಜ್ವರದ ಕಾಟ.

ಕೊಲಂಬಿಯದಲ್ಲಿ ಹಳದಿ ಜ್ವರವನ್ನು ಅಭ್ಯಾಸ ಮಾಡಿ ಇಲ್ಲಿಗೆ ಬಂದ ಹೋರ್ಹೆ ಬೊಷೆಲ್ ಅವರು 1969ರಲ್ಲಿ ಈ ರೋಗದ ಏಳಿಗೆಗೆ ಕಾಡಿನ ಬದಲಾವಣೆಯೇ ಕಾರಣವೆಂದು ವಾದಿಸಿದರು: ಗದ್ದೆಗಾಗಿ ಕಾಡು ಕಡಿದುದು, ಕಾಡಂಚಿನಲ್ಲಿ ದನಗಳ ಸಂಖ್ಯೆ ಬೆಳೆದುದು, ಆ ದನಗಳ ರಕ್ತ ಹೀರಿ ಉಣ್ಣೆಗಳು ಹೆಚ್ಚಿದುದು. 1982-83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆಯ ಕಡೆ ಗೇರುತೋಟಕ್ಕಾಗಿ ಕಾಡು ಸವರಿದ ನಂತರ ರೋಗ ಭೀಕರವಾಗಿ ಹಬ್ಬಿದುದು ಈ ವಾದಕ್ಕೆ ಬೆಂಬಲವನ್ನಿತ್ತಿತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವೆಗಳಲ್ಲಿಯೂ ರೋಗ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಅದರ ಉಗ್ರರೂಪವನ್ನು ಕಂಡಿತು.

ಇಷ್ಟರಿಂದ ನಮಗೆ ಸಿದ್ಧವಾಗುವುದು ಇದು. ಕ್ಯಾಸನೂರಿನ ಜ್ವರದ ನಿದಾನ ಮೂರು ಹೆಜ್ಜೆಗಳಲ್ಲಿ ನಡೆಯಿತು: ಮೊದಲು ರೋಗಿಯ ಹೊಟ್ಟೆಯಿಂದ ಅವನ ರಕ್ತಕ್ಕೆ, ರಕ್ತದಿಂದ ಉಣ್ಣೆಗೆ, ಉಣ್ಣೆಯಿಂದ ಕಾಡಿಗೆ. ಮೊದಲ ಎರಡು ಹೆಜ್ಜೆಗಳನ್ನು ವೈದ್ಯಶಾಸ್ತ್ರ ನಾಲ್ಕೈದು ವರ್ಷಗಳಲ್ಲಿಯೇ ಇಟ್ಟಿತು. ಮೂರನೆಯದು ವೈದ್ಯಶಾಸ್ತ್ರವೊಂದರಿಂದಲೇ ಆಗತಕ್ಕುದಲ್ಲ. ಭೂಮಿ, ಬೇಸಾಯ, ಅರಣ್ಯಗಳ ಆಡಳಿತದ ಚರಿತ್ರೆಯನ್ನು ಬಲ್ಲವರೂ ಅದರಲ್ಲಿ ಕೈಜೋಡಿಸಬೇಕು. ಸೊರಬ, ಸಾಗರ, ಶಿಕಾರಿಪುರ ತಾಲ್ಲೂಕುಗಳ ಗ್ರಾಮಲೆಕ್ಕಗಳನ್ನೂ ಅರಣ್ಯ ಇಲಾಖೆಯ ಹಳೆಯ ಕಡತಗಳನ್ನೂ ಈ ದೃಷ್ಟಿಯಿಂದ ಓದುವ ವಿದ್ಯಾರ್ಥಿಗಳು ಮುಂದೆ ಬರುವುದಾದರೆ, ‘ಜ್ವರ’ ಎಂಬ ಒಂದೇ ಪದದ ಅಡಿಯಲ್ಲಿ ಮರೆಯಾದವರ ಕಥೆಯ ಸ್ವಲ್ಪ ಭಾಗವಾದರೂ ಬೆಳಕಿಗೆ ಬಂದೀತು.