ಮೂರನೇ ವಯಸ್ಸಿನ ಸಾಲಿ

ರಿಟೈರ್ ಆದಮ್ಯಾಲೆ ಮತ್ತ ಸಾಲಿಗೆ ಹೋಗೋದಂದ್ರ ನಗಬ್ಯಾಡ್ರಿ ಅಕ್ಕಾರ. 1973ರಾಗ ಫ್ರಾನ್ಸಿನ ಟುಲೂಸ್ ಊರಾಗ ಪಿಯರ್ ವೆಲ್ಲಾಸ್ ಅನ್ನೋ ಪ್ರಾಧ್ಯಾಪಕರು ವಯಸ್ಸಾದವರಿಗಂತನ 'ಮೂರನೇ ವಯಸ್ಸಿನ ವಿಶ್ವವಿದ್ಯಾಲಯ' ಶುರು ಮಾಡಿದ್ರು. ಬೆಳಿಯೂದು ಒಂದನೇ ವಯಸ್ಸು, ದುಡಿಯೂದು ಎರಡನೇದು, ಆಮ್ಯಾಲಿಂದು ನಮ್ಮದು. ಅಲ್ಲೆ ಪ್ರಾಧ್ಯಾಪಕರು ಹೇಳ್ತಿದ್ರು, ಹಿರೇರು ಕುಂತು ಕೇಳ್ತಿದ್ರು.

1980ರ ದಶಕದ ಶುರುವಿನಾಗ ಈ ವಿಚಾರ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಬಂತು. ಪೀಟರ್ ಲ್ಯಾಸ್ಲೆಟ್, ಮೈಕೆಲ್ ಯಂಗ್, ಎರಿಕ್ ಮಿಡ್‌ವಿಂಟರ್ ಮೂವರೂ ಕೂಡಿ ಇದನ್ನ ತಿರುವಿ ಹಾಕಿದ್ರು. ಹೊರಗಿನ ಮಾಸ್ತರು ಯಾಕ ಬೇಕು? ಇತಿಹಾಸ ಬಲ್ಲವರು ಇತಿಹಾಸ, ಗಿಡ ಬಲ್ಲವರು ಗಿಡ ಹೇಳಿಕೊಡ್ಲಿ. ಪರೀಕ್ಷೆ ಇಲ್ಲ, ಪದವಿ ಇಲ್ಲ, ಸೇರಾಕ ಸರ್ಟಿಫಿಕೇಟೂ ಬ್ಯಾಡ. ಎಷ್ಟೋ ಗುಂಪು ಸೇರೋದು ಯಾರದರ ಮನಿ ಪಡಸಾಲ್ಯಾಗನ. ಇವತ್ತು ಕಲಿಸಿದಾಕಿ ನಾಳೆ ಇನ್ನೊಬ್ಬಾಕಿ ಮುಂದ ಕಲಿಯಾಕ ಕುಂದರ್ತಾಳ.

ನನಗ ಇಂಗ್ಲೆಂಡಿನವರ ರೀತಿನ ಹಿಡಿಸ್ತು. ಏಳನೇತ್ತೆಗೆ ಸಾಲಿ ಬಿಡಿಸಿಕೊಂಡಾಕಿಗೆ ವಿಶ್ವವಿದ್ಯಾಲಯದ ಗೇಟ್ ಕಂಡ್ರನ ಎದಿ ಝಲ್ ಅಂತೈತಿ. ಇಲ್ಲೆ ಮೊದಲ ಕೇಳೋದು, 'ನಿನಗೇನು ಬರ್ತೈತಿ?' ಅಂತ. ಕಸೂತಿಯೊಳಗ ಕೈ ಪಳಗಿದ ನಮ್ಮ ಚಿಗವ್ವಗ ಎಪ್ಪತ್ತು ದಾಟಿತು, ಹಂಗ ಯಾರೂ ಕೇಳಿಲ್ಲ.